ಕೋವಿಯ ಹಿಡಿಗೆ ಸೈಕಲ್ ಟ್ಯೂಬು

ಗುಂಡ್ಲುಪೇಟೆ, ಚಾಮರಾಜನಗರದ ಕಾಡಂಚಿನ ಊರುಗಳಲ್ಲಿ ಬೆಳೆ ಕಾಯಲು ಪರವಾನಗಿ ಪಡೆದು ಇಟ್ಟುಕೊಳ್ಳುವ ಕೋವಿಗಳು ಮುಖ್ಯವಾಗಿ ಎರಡು ಬಗೆ. ಬಾಯಿಂದ ಮದ್ದು ಜಡಿಯುವ ಕೇಪಿನ ಕೋವಿ ಒಂದು. ತೋಟಾ ತುಂಬುವ ಹನ್ನೆರಡು ಬೋರಿನ ಒಂಟಿನಳಿಗೆ ಇಲ್ಲವೆ ಜೋಡಿನಳಿಗೆ ಇನ್ನೊಂದು. ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೀರುಗಳಿದ್ದರೆ ಮಾತ್ರ ಅದು ರೈಫಲ್ಲು. ಇವುಗಳೊಳಗೆ ತುಕ್ಕು ಮಾಡಿದ ಗೀರು ಬಿಟ್ಟರೆ ಬೇರೆ ಗೀರಿಲ್ಲ. ಆದರೂ ಬೀಗರ ಮನೆಯಲ್ಲಿ ಮಾತಿಗೆ ಬಂದಾಗ ಎಲ್ಲವೂ ರೈಫಲ್ಲೇ.

ಇಂಥ ಕೋವಿಗೆ ವರ್ಷದಲ್ಲಿ ಇರುವ ಕೆಲಸ ಬಹಳ ಕಡಿಮೆ. ಜೋಳ, ಅವರೆ, ನೆಲಗಡಲೆ ಕೈಗೆ ಬರುವ ಕಾಲಕ್ಕೆ ಹೊಲದ ಅಟ್ಟಣೆ ಹತ್ತಿ, ಹಂದಿ ಬಂತೆಂದಾಗ ಆಕಾಶಕ್ಕೆ ಒಂದು ಢಂ. ಚುನಾವಣೆ ಬಂದರೆ ಪೊಲೀಸ್ ಠಾಣೆಯಲ್ಲಿ ವಾಸ. ಉಳಿದ ದಿನಗಳಲ್ಲಿ ಅದು ಗೋಡೆಗೆ ಒರಗಿರುತ್ತದೆ, ಯಜಮಾನ ಅದರ ಎದುರು ಕೂತಿರುತ್ತಾನೆ. ಮನೆಮಟ್ಟದ ಸುಧಾರಣೆಗಳೆಲ್ಲ ಹುಟ್ಟುವುದು ಈ ಕೂತಿರುವ ಹೊತ್ತಿನಲ್ಲಿ.

ಮೊದಲ ಸುಧಾರಣೆ ಹಿಡಿಯ ಹಿಂಬದಿಗೆ ಸೈಕಲ್ ಟ್ಯೂಬು ಸುತ್ತುವುದು. ಗುಂಡು ಮುಂದಕ್ಕೆ ಹೋಗುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ರಬ್ಬರು ಆ ಒದೆತವನ್ನು ಕಡಿಮೆ ಮಾಡುವುದಿಲ್ಲ. ಒಂದೇ ಏಟಿಗೆ ಬೀಳುವುದನ್ನು ತುಸು ಹರಡಿ, ತುಸು ನಿಧಾನವಾಗಿ ಹೆಗಲಿಗೆ ತಲುಪಿಸುತ್ತದೆ, ಅಷ್ಟೆ. ಹಳೆಯ ಟ್ಯೂಬಿಗೆ ಖರ್ಚಿಲ್ಲ, ಬೇಡವೆಂದಾಗ ಬಿಚ್ಚಿಹಾಕಬಹುದು, ಕೋವಿಯ ಒಂದು ಮೊಳೆಯೂ ಅಲುಗುವುದಿಲ್ಲ. ಸುತ್ತಿದ್ದು ಸಾರ್ಥಕ.

ಇದಕ್ಕೆ ಪೂರಾ ತಿರುಗುಮುರುಗಿನ ಸುಧಾರಣೆಯೂ ಒಂದುಂಟು. ಹೊತ್ತು ನಡೆಯಲು ಭಾರವೆಂದು ಮರದ ಹಿಡಿಯನ್ನು ಬಾಚಿಯಿಂದ ಕೆತ್ತಿ ಸಣ್ಣ ಮಾಡುವುದು. ಹನ್ನೆರಡು ಬೋರಿನ ಕೋವಿ ಇರುವುದೇ ಸುಮಾರು ಮೂರು ಕಿಲೋ. ಅದರಲ್ಲಿ ಕಾಲು ಕಿಲೋ ಚಕ್ಕೆ ಎಬ್ಬಿಸಿದರೆ ಅಟ್ಟಣೆಯ ಮೇಲಿನ ಸಂಭಾಷಣೆ ಹೀಗಿರುತ್ತದೆ:

“ಹಗುರಾಯ್ತೇನ್ಲಾ?”

“ಕೋವಿ ಹಗುರಾಯ್ತು ಕನಣ್ಣ, ಒದೆ ಭಾರಾಯ್ತು.”

ತಮ್ಮ ಹೇಳಿದ್ದು ಸರಿ. ತೂಕ ಇಳಿದಷ್ಟೂ ಒದೆತ ಏರುತ್ತದೆ. ಈ ಲೆಕ್ಕ ಚೆನ್ನಾಗಿ ಗೊತ್ತಿದ್ದವನು ಇದೇ ಸೀಮೆಯಲ್ಲಿ ಓಡಾಡಿದ ಜಿ. ಪಿ. ಸ್ಯಾಂಡರ್ಸನ್. ಮೈಸೂರು ಸಂಸ್ಥಾನದ ನೀರಾವರಿ ಅಧಿಕಾರಿ, 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಆನೆ ಹಿಡಿಸಿದವನು, 1878ರಲ್ಲಿ ಆ ಅನುಭವವನ್ನೆಲ್ಲ ಪುಸ್ತಕ ಮಾಡಿದವನು. ಆನೆಗೆಂದು ಅವನು ಬಳಸುತ್ತಿದ್ದದ್ದು ನಾಲ್ಕು ಬೋರಿನ ಕೋವಿ. ಬೋರು ಎಂದರೆ ಒಂದು ಪೌಂಡು ಸೀಸದಲ್ಲಿ ನಳಿಗೆಗೆ ಸರಿಹೋಗುವ ಎಷ್ಟು ಗುಂಡು ಎರಕ ಹೊಯ್ಯಬಹುದೆಂಬ ಲೆಕ್ಕ. ಸಂಖ್ಯೆ ಸಣ್ಣದಾದಷ್ಟೂ ಗುಂಡು ದೊಡ್ಡದು. ನಾಲ್ಕು ಬೋರಿನ ಗುಂಡು ಒಂದೊಂದೂ ನೂರು ಗ್ರಾಂ ದಾಟುತ್ತದೆ, ಕೋವಿಯೇ ಸುಮಾರು ಎಂಟು ಕಿಲೋ ತೂಗುತ್ತದೆ. ಅದನ್ನು ಬಾಚಿಯಿಂದ ಕೆತ್ತಿ ಹಗುರ ಮಾಡಿಕೊಂಡಿದ್ದರೆ ಪುಸ್ತಕ ಬರೆಯಲು ಬಲಗೈ ಉಳಿಯುತ್ತಿರಲಿಲ್ಲ.

ನಳಿಗೆಗೆ ಟಾರ್ಚು ಕಟ್ಟುವುದು ಹೊಸಗಾಲದ ಚಪಲ. ಇದಕ್ಕೂ ಅದೇ ಟ್ಯೂಬು. ಮೂರು ಸೆಲ್ಲಿನ ಟಾರ್ಚು ಏರಿದೊಡನೆ ಕೋವಿಯ ಮೂತಿ ನೆಲ ನೋಡತೊಡಗುತ್ತದೆ. ಕೇಪಿನ ಕೋವಿಯಾದರೆ ಈಡು ಹಾರಿದ ಕ್ಷಣ ಎದ್ದ ಬಿಳಿ ಹೊಗೆಯ ಮೇಲೆ ಬೆಳಕು ಬಿದ್ದು, ಗೋಪಾಲಸ್ವಾಮಿ ಬೆಟ್ಟದ ಬೆಳಗಿನ ಮಂಜೇ ಹೊಲಕ್ಕೆ ಇಳಿದಂತಾಗುತ್ತದೆ. ಆ ಏಟಿನ ಅದುರಿಗೆ ಸೆಲ್ಲು ಜರುಗಿ ಟಾರ್ಚು ಆರುತ್ತದೆ. ಆಮೇಲೆ ಕತ್ತಲು, ಹೊಗೆ, ಹಂದಿ ಮೂರೂ ಒಂದೇ ಬಣ್ಣ. ಇವೆಲ್ಲ ನಗುವ ಮಾತು. ನಗಬಾರದ್ದು ಇನ್ನೊಂದಿದೆ: ಟಾರ್ಚನ್ನು ಕೋವಿಗೆ ಕಟ್ಟಿದವನು ಯಾರನ್ನು ನೋಡಬೇಕಾದರೂ ಕೋವಿಯನ್ನೇ ತಿರುಗಿಸಬೇಕು. ಪಕ್ಕದ ಹೊಲದವನು ಬೀಡಿಗೆ ಬೆಂಕಿಪೊಟ್ಟಣ ಕೇಳಲು ಬಂದರೂ ಅವನ ಮುಖ ಕಾಣುವುದು ನಳಿಗೆಯ ತುದಿಯಲ್ಲಿ. ಟಾರ್ಚು ತಲೆಗೆ ಕಟ್ಟಿಕೊಳ್ಳುವ ಸಾಮಾನು.

ಎಣ್ಣೆಯ ವಿಷಯದಲ್ಲಿ ಮನೆಯವರ ಔದಾರ್ಯವೇ ಮುಳುವು. ತಲೆಗೆ ಒಳ್ಳೆಯದಾದದ್ದು ಕೋವಿಗೂ ಒಳ್ಳೆಯದೆಂದು ಬಡಿದು ಈಡು ಹಾರಿಸುವ ಕುದುರೆಯ ಸಂದಿಗೆಲ್ಲ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಅವರೆ ಕಾಯಿ ಬಿಡುವ ಧನುರ್ಮಾಸದ ಇರುಳು ಗುಂಡ್ಲುಪೇಟೆಯಲ್ಲಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಹಂದಿ ಹೊಲಕ್ಕೆ ನುಗ್ಗುವ ಹೊತ್ತಿಗೆ ಸರಿಯಾಗಿ ಕೋವಿಯ ಹೊಟ್ಟೆಯಲ್ಲಿ ಎಣ್ಣೆ ಬೆಣ್ಣೆಯಾಗಿರುತ್ತದೆ. ಕುದುರೆ ಜಟಕಾ ಗಾಡಿಯದಾಗಿ, ಢಂ ಬದಲು ಟಿಕ್ ಎನ್ನುತ್ತದೆ. ಹೊಲಿಗೆ ಮಿಷನ್ನಿನ ಎಣ್ಣೆ ಎರಡು ಹನಿ ಸಾಕಿತ್ತು. ಕರಿಮದ್ದಿನ ಕಿಟ್ಟ ಮಾತ್ರ ಎಣ್ಣೆಗೆ ಬಗ್ಗುವುದಿಲ್ಲ. ಗಾಳಿಯ ಪಸೆ ಹೀರಿ ನಳಿಗೆಯನ್ನು ತಿನ್ನುವ ಆ ಕಿಟ್ಟ ಬಿಡುವುದು ಹಂಡೆಯ ಬಿಸಿನೀರಿಗೆ. ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು.

ಇಲ್ಲಿಗೆ ಟ್ಯೂಬು, ಎಣ್ಣೆ, ನೀರಿನ ಕೆಲಸ ಮುಗಿಯಿತು. ಅರ ಮತ್ತು ಗರಗಸ ಕೈಗೆ ಬಂದರೆ ಪ್ರಕರಣವೇ ಬೇರೆ. ಟ್ರಿಗರ್ ಬಿಗಿಯೆಂದು ಅದರ ಕಚ್ಚನ್ನು ಅರದಿಂದ ಉಜ್ಜಿದ ಕೋವಿ, ಬೆರಳು ಸೋಕುವ ಮೊದಲೇ, ಕೆಲವೊಮ್ಮೆ ಗೋಡೆಗೆ ಒರಗಿಸಿದ ಸದ್ದಿಗೇ ಹಾರುತ್ತದೆ. ನಳಿಗೆ ಉದ್ದವಾಯಿತೆಂದು ತುದಿ ಕೊಯ್ದರೆ, ಚರೆಯನ್ನು ಒತ್ತಾಗಿ ಕಳಿಸಲು ತುದಿಯಲ್ಲೇ ಇರುವ ಬಿಗುಪು ಹೋಗಿ, ಚರೆ ರಾಗಿ ಚೆಲ್ಲಿದಂತೆ ಚೆಲ್ಲುತ್ತದೆ. ಇದರ ಮೇಲೆ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ರಿಪೇರಿಯ ಕಸುಬಿಗೂ ಲೈಸೆನ್ಸು ಬೇಕು. 6ನೇ ಕಲಮಿನಂತೆ ಲೈಸೆನ್ಸಿಲ್ಲದೆ ನಳಿಗೆ ಮೊಟಕು ಮಾಡುವಂತಿಲ್ಲ. ಬಂಡೀಪುರದ ನೆರೆಯವರಿಗೆ ಇನ್ನೂ ಒಂದು ಗಂಟು: 1972ರ ವನ್ಯಜೀವಿ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದ ಹತ್ತು ಕಿಲೋಮೀಟರಿನೊಳಗಿನ ಕೋವಿದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಎರಡು ಇಲಾಖೆಯ ಕಡತದಲ್ಲಿರುವ ಕೋವಿ ಒಂದು ಗೇಣು ಗಿಡ್ಡವಾದರೆ ಯಾರಿಗೂ ಗೊತ್ತಾಗದೆ ಹೋಗುವುದಿಲ್ಲ.

ಟ್ರಿಗರ್, ಕುದುರೆ, ನಳಿಗೆಯ ಕಾಯಿಲೆಗಳನ್ನು ಲೈಸೆನ್ಸಿರುವ ರಿಪೇರಿಯವನಿಗೇ ತೋರಿಸಬೇಕು. ಮನೆಯವರ ಪಾಲಿಗೆ ಉಳಿಯುವುದು ಹಂಡೆಯ ನೀರು, ಎರಡು ಹನಿ ಎಣ್ಣೆ ಮತ್ತು ಟ್ಯೂಬು. ಪರವಾನಗಿ ಪುಸ್ತಕದಲ್ಲಿ ಕೋವಿಯ ಬಗೆ, ಬೋರು, ನಂಬರು ಬರೆದಿರುತ್ತದೆ. ಟ್ಯೂಬಿಗೆ ಅದರಲ್ಲಿ ಕಾಲಂ ಇಲ್ಲ.