ಮೊಳೆಯ ಮೀಮಾಂಸೆ ಅಥವಾ ಗೃಹಸ್ವಾಮಿಕೃತ ಮಿಥ್ಯಾಪವಾದ ಖಂಡನಂ

ಹೊಸಪೇಟೆಯ ಸೀಮೆಯಲ್ಲಿ ಮನೆಗೂ ಮಿಥ್ಯಾಪವಾದಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಕುಮಾರರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಕ್ಕೆ ಬಿದ್ದು, ಅದನ್ನು ತರಹೋದ ನಿರಪರಾಧಿಯ ಮೇಲೆ ಆಕೆ ಹೊರಿಸಿದ ದೋಷವನ್ನು ಕಂಪಿಲರಾಯನು ವಿಚಾರಿಸದೆ ನಂಬಿ ಮಗನ ತಲೆದಂಡಕ್ಕೆ ಆಜ್ಞೆಯಿತ್ತನೆಂದೂ, ಮಂತ್ರಿ ಬೈಚಪ್ಪನು ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ ಬೇರೊಂದು ತಲೆಯನ್ನು ತೋರಿಸಿದನೆಂದೂ ಸಾಂಗತ್ಯಕಾರರು ಹಾಡಿರುವುದನ್ನು ಕಂಪ್ಲಿಯ ಕಡೆಯವರೆಲ್ಲ ಬಲ್ಲರು. ಬಾಡಿಗೆಯ ಮನೆಗಳಲ್ಲಿ ನೆಲಮಾಳಿಗೆಯಾಗಲಿ, ತೋರಿಸಲು ಬದಲಿ ತಲೆಯಾಗಲಿ ದೊರೆಯದಿರುವುದರಿಂದ, ಅಪವಾದಗ್ರಸ್ತನಾದ ಬಾಡಿಗೆದಾರನು ಶಾಸ್ತ್ರವನ್ನೇ ಆಶ್ರಯಿಸತಕ್ಕದ್ದೆಂಬುದು ಈ ಪ್ರಬಂಧದ ಪ್ರತಿಜ್ಞೆ.

ಪೂರ್ವಪಕ್ಷವಿದು. ಮುಂಗಡವನ್ನು ಹಿಂದಿರುಗಿಸುವ ಕಾಲ ಸಮೀಪಿಸಿದಾಗ ಮಾತ್ರ ಉದ್ದೀಪ್ತವಾಗುವ ಸ್ಮರಣಶಕ್ತಿಯುಳ್ಳ ಮನೆಯ ಒಡೆಯರೊಬ್ಬರು, ಬಾಡಿಗೆದಾರನು ಗೋಡೆಗೆ ಮೊಳೆ ಹೊಡೆದನು, ಬಿಳಿಯ ಸುಣ್ಣವನ್ನು ಕೆಂಪಾಗಿಸಿದನು, ಭಾವಮೈದುನನಿಗೆ ಒಳಬಾಡಿಗೆ ಕೊಟ್ಟನು, ಆದಕಾರಣ ಹನ್ನೊಂದು ತಿಂಗಳ ಕರಾರು ಮುರಿಯಿತು, ನಾಳೆಯೇ ಖಾಲಿ ಮಾಡತಕ್ಕದ್ದು ಎಂದು ಬರೆದರು.

ಮೊದಲು ಮೊಳೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣವು, ಗುತ್ತಿಗೆ ಕೊಟ್ಟಾಗ ತೆರೆದಿರದ ಗಣಿಯನ್ನು ಗುತ್ತಿಗೆದಾರನು ಅಗೆಯಕೂಡದೆಂದು ವಿಧಿಸುತ್ತದೆ. ಮೊಳೆಯ ರಂಧ್ರವನ್ನು ಗಣಿಯೆಂದೇ ಒಪ್ಪಿದರೂ, ಒಡೆಯರ ತೀರ್ಥರೂಪರ ಭಾವಚಿತ್ರವು ಬಾಡಿಗೆದಾರನು ಬರುವ ಮೊದಲೇ ಅಲ್ಲಿ ತೂಗುತ್ತಿದ್ದುದರಿಂದ ಆ ಗಣಿ ಪ್ರಾಚೀನವೆಂಬುದು ಸಿದ್ಧ. ಇನ್ನು ಸಂಡೂರಿನ ನ್ಯಾಯ: 2011ರಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದ ಸರ್ವೋಚ್ಚ ನ್ಯಾಯಾಲಯವು ಎಲ್ಲೆ ಮೀರಿದ ಪ್ರಮಾಣವನ್ನು ನೋಡಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ ವರದಿಯನ್ನು ಅಂಗೀಕರಿಸಿ, 2013ರಲ್ಲಿ ಸಿ ವರ್ಗದವುಗಳನ್ನು ರದ್ದುಪಡಿಸಿತಷ್ಟೆ. ಅಂಗುಲದಷ್ಟೂ ಗೋಡೆಯಿಂದಾಚೆ ಹೋಗದ ಮೊಳೆ ನಿಸ್ಸಂಶಯವಾಗಿ ಎ ವರ್ಗ. ಓಣಿಗೆ ಗೇಣುದ್ದ ಚಾಚಿದ ಚಪ್ಪಲಿಗೂಡು ಬೇಕಾದರೆ ಬಿ ವರ್ಗಕ್ಕೆ ಸೇರೀತು.

ಸುಣ್ಣ ಕೆಂಪಾದುದು ಅದಿರಿನ ಲಾರಿಗಳ ಧೂಳಿನಿಂದ. ಸಹಜವಾದ ಸವೆತಕ್ಕೂ ತಡೆಯಲಾರದ ಶಕ್ತಿಗೂ ಬಾಡಿಗೆದಾರನು ಹೊಣೆಯಲ್ಲವೆಂದು ಅದೇ ಪ್ರಕರಣ ಹೇಳುತ್ತದೆ. ಹೊಸಪೇಟೆಯ ಹೆದ್ದಾರಿಯಲ್ಲಿ ಆ ಶಕ್ತಿಗೆ ಹತ್ತು ಚಕ್ರಗಳು.

ಭಾವಮೈದುನನ ವಿಷಯವು ಗಂಭೀರವಾದುದು. ಆಶ್ರಯ ಬೇಡಿ ಬಂದ ಬಹಾವುದ್ದೀನ್ ಗುರ್ಶಾಸ್ಪನನ್ನು ಒಪ್ಪಿಸಲೊಲ್ಲದೆ ಕಂಪಿಲರಾಯನು ತುಘಲಕನ ಸೈನ್ಯಕ್ಕೆ ರಾಜ್ಯವನ್ನೂ ಪ್ರಾಣವನ್ನೂ ತೆತ್ತ ಸೀಮೆಯಲ್ಲಿ, ಹಂಪಿಯ ಜಾತ್ರೆಗೆ ಬಂದು ಎರಡು ರಾತ್ರಿ ಪಡಸಾಲೆಯಲ್ಲಿ ಗೊರಕೆ ಹೊಡೆದವನನ್ನು ಒಳಬಾಡಿಗೆದಾರನೆನ್ನುವುದು ಇತಿಹಾಸಕ್ಕೆ ಬಗೆದ ಅಪಚಾರ.

‘ನಾಳೆಯೇ’ ಎಂಬುದಕ್ಕೆ 106ನೆಯ ಪ್ರಕರಣವೇ ಉತ್ತರ: ಕರಾರಿಲ್ಲದ ತಿಂಗಳ ಬಾಡಿಗೆಗೂ 15 ದಿನಗಳ ಲಿಖಿತ ನೋಟೀಸು ಬೇಕು. ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ತಲೆಮಾರುಗಳಿಂದ ಬಾಳಿದ್ದವರ ಮನೆಗಳನ್ನು 2011ರ ಜುಲೈ ಕೊನೆಯಲ್ಲಿ ಕೆಡವಿದಾಗ ಅವರಿಗೆ ಅಷ್ಟೂ ಅವಧಿ ದೊರೆಯಲಿಲ್ಲವೆಂದು ಆಕ್ಷೇಪಿಸಬಹುದು. ಅದು ಸ್ಮಾರಕಶಾಸ್ತ್ರ, ಅಲ್ಲಿ ಒಡೆಯರು ಬೇರೆ.

ಈ ಸಿದ್ಧಾಂತವನ್ನು ಹೊಸ್ತಿಲಲ್ಲಿ ನಿಂತು ಕೂಗದೆ, ಕರಾರಿನ ಷರತ್ತುಗಳ ಅನುಕ್ರಮದಲ್ಲಿ ಬರೆದು, ಬಾಡಿಗೆಯ ರಸೀತಿಗಳ ನಕಲನ್ನು ಲಗತ್ತಿಸಿ, ಸ್ವೀಕೃತಿಯ ಚೀಟಿ ಸಹಿತ ಅಂಚೆಯಲ್ಲಿ ಕಳುಹಿಸಲಾಯಿತು. ಒಡೆಯರು ಮರುಪತ್ರದಲ್ಲಿ ಮೊಳೆಯನ್ನೂ ಸುಣ್ಣವನ್ನೂ ಭಾವಮೈದುನನನ್ನೂ ಸಂಪೂರ್ಣವಾಗಿ ಕೈಬಿಟ್ಟು, ವಾಸಕ್ಕೆಂದು ಕೊಟ್ಟ ಮನೆಯಲ್ಲಿ ಬಾಡಿಗೆದಾರನು ಗ್ರಂಥರಚನೆ ನಡೆಸುತ್ತಿರುವುದು ಕರಾರಿನ ನಾಲ್ಕನೆಯ ಷರತ್ತಿಗೆ ವಿರುದ್ಧವೆಂದು ಆಪಾದಿಸಿದರು.