ಅಜ್ಜ ಹೇಳಿದ್ದಕ್ಕೆ ಉಲ್ಲೇಖ ಎಲ್ಲಿ?

ಕನ್ನಡ ವಿಕಿಪೀಡಿಯಕ್ಕೆ ಹೊಸದಾಗಿ ಬಂದವನು ಮೊದಲ ದಿನ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ: ತನ್ನ ಊರಿನ ಪುಟ ಹುಡುಕಿ ಅದಕ್ಕೆರಡು ವಿಶೇಷಣ ತೊಡಿಸುತ್ತಾನೆ. ಊರು ಸುಂದರವಾಗುತ್ತದೆ, ಜನ ಸ್ನೇಹಜೀವಿಗಳಾಗುತ್ತಾರೆ. ಎರಡನೆಯ ದಿನ ಊರ ದೇವರು ಅತ್ಯಂತ ಜಾಗೃತ ದೇವರಾಗುತ್ತಾನೆ. ಮೂರನೆಯ ದಿನ 'ಪ್ರಮುಖ ವ್ಯಕ್ತಿಗಳು' ಎಂಬ ವಿಭಾಗ ಹುಟ್ಟುತ್ತದೆ. ಅದರಲ್ಲಿ ಮೊದಲ ಹೆಸರು ಪಂಚಾಯತಿ ಮೆಂಬರರದು, ಎರಡನೆಯದು ಕ್ರಿಕೆಟ್ ತಂಡದ ಕ್ಯಾಪ್ಟನ್‌ನದು, ಕಟ್ಟಕಡೆಗೆ ನಾಚಿಕೊಂಡು ನಿಂತದ್ದು ಬರೆದವನದೇ. ನಾಲ್ಕನೆಯ ದಿನ ನನ್ನಂಥವನೊಬ್ಬ ಹೋಗಿ ಎಲ್ಲವನ್ನೂ ಅಳಿಸುತ್ತಾನೆ. ಐದನೆಯ ದಿನ ಜಗಳ.

ಈ ಅಳಿಸುವ ಕೆಲಸಕ್ಕೆ ಸಂಬಳವಿಲ್ಲ, ಆರ್ಡರ್ ಕಾಪಿಯೂ ಇಲ್ಲ. ಸಂಜೆ ನಮ್ಮೂರು ಮಂಗಸೂಳಿಯಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗಿದ್ದರೆ ಇತ್ತೀಚೆಗೆ ಯಾರು ಏನು ಬದಲಾಯಿಸಿದ್ದಾರೆಂದು ನೋಡುತ್ತ ಕೂರುವುದು, ಅಷ್ಟೇ. 2003ರ ಜೂನ್‌ನಲ್ಲಿ ಶುರುವಾದ ಈ ಕನ್ನಡ ವಿಶ್ವಕೋಶದಲ್ಲಿ ಇವತ್ತು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಕಾಯುವವರು ಮಾತ್ರ ಬೆರಳೆಣಿಕೆಯಷ್ಟು ಜನ. ಮನೆಯವರ ಪ್ರಕಾರ ನಾನು ಮಾಡುವುದು ಊರ ಉಸಾಬರಿ. ಆ ಮಾತಿಗೆ ಉಲ್ಲೇಖ ಕೇಳುವ ಧೈರ್ಯ ನನಗಿಲ್ಲ.

ವಿಕಿಪೀಡಿಯದವರು ಹಳಬರಿಗಾಗಿಯೇ ಒಂದು ಮಾರ್ಗಸೂಚಿ ಬರೆದಿಟ್ಟಿದ್ದಾರೆ: ಹೊಸಬರನ್ನು ಕಚ್ಚಬೇಡಿ. 'ಇಲ್ಲಿ ಉಗುಳಬಾರದು' ಎಂಬ ಬೋರ್ಡು ಎಲ್ಲಿ ಕಂಡರೂ ಅದಕ್ಕೂ ಮೊದಲು ಅಲ್ಲಿ ಧಾರಾಳವಾಗಿ ಉಗುಳಿರುತ್ತಾರೆ. ಇದೂ ಹಾಗೆಯೇ. ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿಯಮಿತವಾಗಿ ಬರೆಯುವವರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯತೊಡಗಿತು. ಯಾಕೆಂದು ಹುಡುಕಿದ ಸಂಶೋಧಕರಿಗೆ ಕಂಡ ಕಾರಣಗಳಲ್ಲೊಂದು, ಒಳ್ಳೆಯ ಮನಸ್ಸಿನಿಂದಲೇ ಬಂದವರ ಬರಹವನ್ನೂ ಹಳಬರು ಯಂತ್ರ ಹಿಡಿದು ಕಿತ್ತುಹಾಕುತ್ತಿದ್ದುದು. 2012ರಲ್ಲಿ ಆ ವಿಕಿಪೀಡಿಯದವರು ಹೊಸಬರನ್ನು ಕೂರಿಸಿ ಮಾತಾಡಿಸಲು 'ಟೀಹೌಸ್' ಎಂಬ ಜಾಗ ಮಾಡಿದರು. ಇಂಗ್ಲಿಷ್ ವಿಶ್ವಕೋಶ ಹುಟ್ಟಿದ್ದು 2001ರಲ್ಲಿ. ಬಂದವರಿಗೆ ಮೊದಲು ಚಹಾ ಕೇಳಬೇಕು ಎಂಬುದು ಹೊಳೆಯಲು ಹನ್ನೊಂದು ವರ್ಷ ಹಿಡಿಯಿತಲ್ಲ!

ಕನ್ನಡದವರು ಈ ವಿಷಯದಲ್ಲಿ ಸ್ವಲ್ಪ ಚುರುಕು. ಎಲ್ಲರೂ ಸೇರಿ ಚರ್ಚಿಸುವ ಪುಟಕ್ಕೆ 'ಅರಳಿ ಕಟ್ಟೆ' ಎಂದೇ ಹೆಸರಿಟ್ಟಿದ್ದಾರೆ. ಆದರೆ ನಮ್ಮೂರ ಕಡೆ ಕಟ್ಟೆಗೆ ಹೊಸಬ ಬಂದರೆ ಮೊದಲು ಅಂಚಿನಲ್ಲಿ ಕೂರುತ್ತಾನೆ, ನಾಲ್ಕು ಅಮಾವಾಸ್ಯೆ ಬರೀ ಕೇಳುತ್ತಾನೆ, ಯಾರ ಮಾತಿಗೆ ಯಾರು ಸಿಟ್ಟಾಗುತ್ತಾರೆಂದು ತಿಳಿದ ಮೇಲೆ ಕೆಮ್ಮಿ ಒಂದು ಮಾತಾಡುತ್ತಾನೆ. ವಿಕಿಪೀಡಿಯದ ಕಟ್ಟೆಯಲ್ಲಿ ಮೊದಲ ದಿನದ ಹುಡುಗನೂ ಇಪ್ಪತ್ತು ವರ್ಷದ ಹಿರಿಯನೂ ಒಂದೇ ಕಲ್ಲಿನ ಮೇಲೆ. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗೆಂದು ಬಾಲಪ್ರಪಂಚ ಎಂಬ ವಿಶ್ವಕೋಶದ ಮೂರು ಸಂಪುಟ ಹೊರತಂದಾಗ 'ಸಂಪಾದಿಸಿ' ಎಂಬ ಗುಂಡಿ ಒತ್ತಿ ಅವರನ್ನು ತಿದ್ದುವ ಸೌಲಭ್ಯ ಯಾರಿಗೂ ಇರಲಿಲ್ಲ. ಇದ್ದಿದ್ದರೂ ಒತ್ತುವ ಎದೆಗಾರಿಕೆ ಯಾರಿಗಿತ್ತೋ.

ಉತ್ತರ ಕರ್ನಾಟಕದ ಹಳ್ಳಿಗಳ ಪುಟಗಳನ್ನು ಸಾಲಾಗಿ ಓದಿದರೆ ಇನ್ನೊಂದು ಮೋಜು ಸಿಗುತ್ತದೆ. ಎಷ್ಟೋ ಪುಟಗಳಲ್ಲಿ ಒಂದೇ ಬಿಸಿಲು, ಒಂದೇ ಮಳೆ. ಗಂಡಸರೆಲ್ಲ ಧೋತ್ರ ಉಟ್ಟು ರುಮಾಲು ಸುತ್ತಿದ್ದಾರೆ, ಹೆಂಗಸರೆಲ್ಲ ಇಳಕಲ್ಲ ಸೀರೆಯಲ್ಲಿದ್ದಾರೆ. ಯಾರೋ ಒಬ್ಬರು ಅಕ್ಕರೆಯಿಂದ ಒಂದು ಊರಿಗೆ ಬರೆದದ್ದು ಊರಿಂದೂರಿಗೆ ನಕಲಾಗಿ ಹೋಗಿದೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಕಾಣುವುದು ಜೀನ್ಸು. ಅದನ್ನು ಬರೆಯಲು ಹೊಸಬನೇ ಬರಬೇಕು, ಹಳಬರಿಗೆ ಧೋತ್ರ ಅಭ್ಯಾಸವಾಗಿಬಿಟ್ಟಿದೆ.

ಹೊಸಬ ಸರಿಯಾಗಿಯೇ ಬರೆದು ಪೆಟ್ಟು ತಿನ್ನುವುದೂ ಉಂಟು. 2017–18ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾದಾಗ ನಿಪ್ಪಾಣಿ, ಮೂಡಲಗಿಗಳ ಜೊತೆ ಕಾಗವಾಡವೂ ಪಟ್ಟಿಯಲ್ಲಿತ್ತು. ಅಥಣಿ ತಾಲ್ಲೂಕಿನಲ್ಲಿದ್ದ ಮಂಗಸೂಳಿ, ಉಗಾರ, ಶೇಡಬಾಳಗಳು ಕಾಗವಾಡಕ್ಕೆ ಬಂದವು. ಈ ಕಡೆಯ ಹುಡುಗನೊಬ್ಬ ಖುಷಿಯಿಂದ 'ಅಥಣಿ' ಅಳಿಸಿ 'ಕಾಗವಾಡ' ಎಂದು ಹಾಕುತ್ತಾನೆ ಅಂದುಕೊಳ್ಳಿ. ಉಲ್ಲೇಖ ಕೊಟ್ಟಿರುವುದಿಲ್ಲ. ದೂರದ ಊರಿನಲ್ಲಿ ಕುಳಿತ ಕಾವಲಿನವರಿಗೆ ಅದು ಕಿತಾಪತಿಯಂತೆ ಕಾಣುತ್ತದೆ, ಹಿಂದಿನಂತೆ ಮಾಡುತ್ತಾರೆ. ಇವನು ಮತ್ತೆ ಹಾಕುತ್ತಾನೆ, ಅವರು ಮತ್ತೆ ತೆಗೆಯುತ್ತಾರೆ. 24 ತಾಸಿನೊಳಗೆ ಮೂರಕ್ಕಿಂತ ಹೆಚ್ಚು ಸಲ ಹೀಗೆ ಎಳೆದಾಡಬಾರದೆಂದು ಇಂಗ್ಲಿಷ್ ವಿಕಿಪೀಡಿಯದ ನಿಯಮ. ಹುಡುಗನಿಗೆ ಅದು ಗೊತ್ತಿಲ್ಲ, ಅವನಿಗೆ ಗೊತ್ತಿರುವುದು ತನ್ನ ತಾಲ್ಲೂಕು ಯಾವುದೆಂದು. ತೆಗೆಯಲು ಒಂದು ಕ್ಲಿಕ್ಕು ಸಾಕು. ಯಾಕೆ ತೆಗೆದೆ ಎಂದು ಅವನ ಚರ್ಚೆಪುಟದಲ್ಲಿ ಬರೆಯಲು ಕಾಲು ತಾಸು ಬೇಕು. ನನ್ನನ್ನು ಕೇಳಿದರೆ ಆ ಕಾಲು ತಾಸೇ ಕೆಲಸ, ಕ್ಲಿಕ್ಕು ಬರೀ ಬೆರಳಿನ ತುರಿಕೆ.

ಮಹಾರಾಷ್ಟ್ರದ ಗಡಿಯಲ್ಲಿರುವ ನಮಗೆ ಈ ಎಳೆದಾಟ ಹೊಸದಲ್ಲ. ಆಸ್ಪತ್ರೆಗೂ ರೈಲಿಗೂ ಮೀರಜ, ಕಾಗದಪತ್ರಕ್ಕೆ ಬೆಳಗಾವಿ. ಕೊಲ್ಹಾಪುರಿ ಚಪ್ಪಲಿಯ ವಿಷಯವನ್ನೇ ತೆಗೆದುಕೊಳ್ಳಿ. ಅಥಣಿ ಕಡೆಯ ಹೊಸಬನಿಗೆ ಅದು ನಮ್ಮದು, ಆಚೆಯವನಿಗೆ ಹೆಸರಲ್ಲೇ ಕೊಲ್ಹಾಪುರವಿದೆ. ಇಂಥಲ್ಲಿ ನಾನು ನ್ಯಾಯ ಹೇಳಲು ಹೋಗುವುದಿಲ್ಲ, ಕಾಗದ ತೋರಿಸುತ್ತೇನೆ. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಜಿಐ (ಭೌಗೋಳಿಕ ಸೂಚಿ) ಮಾನ್ಯತೆಯಲ್ಲಿ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳೂ ಇವೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆ. ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಇಬ್ಬರಿಗೂ ಪೂರ್ತಿ ಸಮಾಧಾನವಾಗುವುದಿಲ್ಲ. ಒಳ್ಳೆಯ ಲೇಖನದ ಗುರುತು ಅದೇ ಇರಬಹುದೆಂದು ನನಗೊಂದು ಗುಮಾನಿ.

ನಿಜವಾಗಿ ನನ್ನ ಬಾಯಿ ಕಟ್ಟುವುದು ದೇವರ ಪುಟದಲ್ಲಿ. ಮಂಗಸೂಳಿಯ ಮಲ್ಲಯ್ಯ ಆಚೆಯವರಿಗೆ ಖಂಡೋಬಾ. ಮಹಾರಾಷ್ಟ್ರದ ಎಷ್ಟೋ ಮನೆತನಗಳ ಕುಲದೇವರು ಇಲ್ಲಿದ್ದಾನೆ. ಖಂಡೋಬಾನ ಮುಖ್ಯ ಸ್ಥಾನಗಳನ್ನು ಎಣಿಸುವಾಗ ಜೇಜುರಿಯ ಜೊತೆ ನಮ್ಮೂರ ಹೆಸರೂ ಬರುತ್ತದೆ. ಭಂಡಾರದ ಅರಿಶಿನ ಎರಚಿದ ಮೇಲೆ ಕನ್ನಡದವನ ಅಂಗಿಯೂ ಮರಾಠಿಯವನ ಟೋಪಿಯೂ ಒಂದೇ ಬಣ್ಣ. ಹೀಗಿರುವಾಗ ಕಾಲೇಜು ಹುಡುಗನೊಬ್ಬ ಗುಡಿ ಸಾವಿರಾರು ವರ್ಷದ್ದೆಂದೂ, ಪಲ್ಲಕ್ಕಿಯ ಮುಂದೆ ಇಂಥ ಮನೆತನದವರೇ ನಡೆಯಬೇಕೆಂದೂ ಬರೆದ. ನಾನು ತೆಗೆದೆ. ಕೂಡಲೇ ನನ್ನ ಚರ್ಚೆಪುಟಕ್ಕೆ ಬಂದ.

"ಯಾಕ್ರಿ ಸರ್ ಅಳಿಸಿದ್ರಿ? ನಮ್ಮೂರ ದೇವರ ಬಗ್ಗೆ ನಾವ ಬರೀಲಿಲ್ಲಂದ್ರ ಬೆಂಗಳೂರವರು ಬರೀತಾರೇನ್ರಿ?"

"ಬರಿಯಪಾ, ಬ್ಯಾಡ ಅನ್ನಂಗಿಲ್ಲ. ಉಲ್ಲೇಖ ಕೊಡು."

"ನಮ್ಮಜ್ಜ ಹೇಳ್ಯಾನ್ರಿ."

"ಅಜ್ಜ ಹೇಳಿದ್ದು ನಡಿಯೂದಿಲ್ಲ. ಅಚ್ಚಾದ ಪುಸ್ತಕ ಬೇಕು."

"ಪುಸ್ತಕ ಬರದಾವ ಯಾರನ್ನ ಕೇಳಿ ಬರದಾನ್ರಿ ಮತ್ತ?"

ಇದಕ್ಕೆ ವಿಕಿಪೀಡಿಯದ ಯಾವ ನೀತಿಪುಟದಲ್ಲೂ ನೇರ ಉತ್ತರ ಸಿಗುವುದಿಲ್ಲ. ಹೈಡಲ್‌ಬರ್ಗಿನ ವಿದ್ವಾಂಸ ಗುಂಥರ್ ಸೊಂಥೈಮರ್ ಮಹಾರಾಷ್ಟ್ರದ ಧನಗರರ ನಡುವೆ ಓಡಾಡಿ, ಕುರಿ ಕಾಯುವ ಅಜ್ಜಂದಿರ ಬಾಯಿಂದ ಬಿರೋಬಾ, ಮ್ಹಸ್ಕೋಬಾ, ಖಂಡೋಬಾರ ಕಥೆ ಕೇಳಿ 1976ರಲ್ಲಿ ಜರ್ಮನ್ ಭಾಷೆಯಲ್ಲಿ ಪುಸ್ತಕ ಮಾಡಿದರು. 1989ರಲ್ಲಿ ಅದು ಇಂಗ್ಲಿಷಿಗೂ ಬಂತು. ಅದು ಒಪ್ಪತಕ್ಕ ಉಲ್ಲೇಖ. ಅಂದರೆ ಅಜ್ಜ ಮೊಮ್ಮಗನಿಗೆ ಹೇಳಿದರೆ ಹರಟೆ, ಜರ್ಮನಿಯಿಂದ ಬಂದವರಿಗೆ ಹೇಳಿದರೆ ಅಡಿಟಿಪ್ಪಣಿ. ಸೊಂಥೈಮರ್ ಹತ್ತು ಕಡೆ ಕೇಳಿ, ಹೋಲಿಸಿ, ತೂಗಿ ಬರೆದರು, ಹುಡುಗ ಕೇಳಿದ್ದು ಒಬ್ಬನೇ ಅಜ್ಜನನ್ನು, ಅದೂ ಪಲ್ಲಕ್ಕಿಯ ಮುಂದೆ ನಡೆಯುವ ಮನೆತನದ ಅಜ್ಜನನ್ನು. ಇಷ್ಟನ್ನು ಅವನಿಗೆ ಬಿಡಿಸಿ ಹೇಳಬೇಕು. ಆದರೂ ಅವನ ಪ್ರಶ್ನೆ ಗಂಟಲಲ್ಲಿ ಮುಳ್ಳಾಗಿ ನಿಂತೇ ಇರುತ್ತದೆ. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಾಲ ಮತ್ತು ಜೊತೆಯವರು ಇದೇ ಮುಳ್ಳಿಗೆ ಕೈಹಾಕಿದ್ದರು. ಮಲಯಾಳಂ, ಹಿಂದಿ, ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ ಅದನ್ನೇ ಉಲ್ಲೇಖವಾಗಿ ಬಳಸಿ ನೋಡಿದರು. ಪ್ರಯೋಗದ ಬಗ್ಗೆ ವಾದವಿವಾದ ನಡೆಯಿತು. ಅಜ್ಜಂದಿರು ಇನ್ನೂ ಬಾಗಿಲ ಹೊರಗೇ ಇದ್ದಾರೆ.

ಹುಡುಗ ಜಗಳಕ್ಕಾದರೂ ಬಂದನಲ್ಲ ಎಂಬುದು ನನ್ನ ಸಮಾಧಾನ. ನನ್ನ ಲೆಕ್ಕದಲ್ಲಿ ಅತಿ ಕೆಟ್ಟ ನಡತೆ ಬೈಯುವುದಲ್ಲ, ಮಾತಾಡಿಸಿದರೆ ಉತ್ತರ ಕೊಡದಿರುವುದು. ಉದಾಹರಣೆಗೆ, 2009–10ರ ಹೊತ್ತಿಗೆ ಗೂಗಲ್ ಕಂಪನಿ ತನ್ನ ಅನುವಾದದ ಸಲಕರಣೆ ಕೊಟ್ಟು, ಕೂಲಿ ಅನುವಾದಕರಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತೆಲುಗು, ತಮಿಳು ವಿಕಿಪೀಡಿಯಗಳಿಗೆ ಇಳಿಸಿತು. ಸರಾಗವಾಗಿ ಓದಲಾಗದ ಉದ್ದುದ್ದ ಪುಟಗಳು ಬಂದು ಕೂತವು. ಬಂಗಾಳಿಯವರು ಬೇಡವೆಂದು ತಡೆದರು. ಹಾಕಿದವರು ಹೋದರು, ನಾವು ಇವತ್ತಿಗೂ ಗುಡಿಸುತ್ತಿದ್ದೇವೆ. ಅದಕ್ಕೆ ಹೋಲಿಸಿದರೆ ಕ್ಯಾಪ್ಟನ್‌ನ ಹೆಸರು ಸೇರಿಸಿದವನು ಚಿನ್ನದಂಥ ಮನುಷ್ಯ. ಊರ ಮೇಲಿನ ಪ್ರೀತಿಯಿಂದ ಬಂದವನಿಗೆ ವಿಶೇಷಣ ಬಿಡಿಸಿದರೆ ಸಾಕು. ಪ್ರೀತಿಯನ್ನೂ ಬಿಡಿಸಿಬಿಟ್ಟರೆ ಶೇಡಬಾಳ ಸ್ಟೇಷನ್ನಿನ ಬಗ್ಗೆ, ಉಗಾರದ ಸಕ್ಕರೆ ಕಾರ್ಖಾನೆಯ ಬಗ್ಗೆ ಬರೆಯುವವರು ಯಾರು?

ಪಲ್ಲಕ್ಕಿಯ ಹುಡುಗ ಸದ್ಯ ಗುಡಿಯ ವಯಸ್ಸನ್ನು ಕೈಬಿಟ್ಟು ಫೋಟೋಕ್ಕೆ ಬಂದಿದ್ದಾನೆ. ಜಾತ್ರೆಯಲ್ಲಿ ತೆಗೆದದ್ದು. ಮುಕ್ಕಾಲು ಭಾಗ ಹಳದಿ ಧೂಳು, ಉಳಿದದ್ದರಲ್ಲಿ ಯಾರದೋ ಮೊಣಕೈ. ಏರಿಸುವಾಗ 'ಇದು ನನ್ನ ಸ್ವಂತ ಕೃತಿ' ಎಂದು ಒಪ್ಪಿಕೊಳ್ಳಬೇಕು. ಅಲ್ಲಿ ತಡೆದು ನಿಂತು ನನ್ನನ್ನು ಕೇಳಿದ್ದಾನೆ:

"ಸರ್, ಫೋಟೋ ತಗದಾವ ನಾ, ಮೊಬೈಲ್ ನಮ್ಮ ಮಾಮಾಂದು. ಹಕ್ಕು ಯಾರದ ಬರತೈತ್ರಿ?"

"ನಿಂದ ಬರತೈತಿ. ಆದ್ರೂ ಮಾಮಾಗ ಒಂದ ಮಾತ ಹೇಳಿಬಿಡು."

"ಹೇಳಿದ್ರ ಹೆಸರು ಹಾಕು ಅಂತಾನ್ರಿ."