ಒತ್ತಕ್ಷರಕ್ಕೆ ಜಾಗ ಬೇಕಲ್ರಿ, ಅಣ್ಣ

ಅಣ್ಣ, ರಾತ್ರಿ ಹನ್ನೊಂದಾದ್ರೂ ಆಫೀಸಿನಾಗ ಲೈಟ್ ಯಾಕೆ ಉರೀತೈತೆ ಅಂತ ಕೇಳಿದ್ರಲ್ಲ, ಸಿರುಗುಪ್ಪದ ರೈಸ್ ಮಿಲ್ಲೊಂದರ ವೆಬ್‌ಸೈಟ್ ಹಿಡ್ಕೊಂಡೀವಿ. ಸೋನಾ ಮಸೂರಿ ಬಗ್ಗೆ, ತುಂಗಭದ್ರಾ ಕಾಲುವೆ ಬಗ್ಗೆ ಚೆಂದಾಗಿ ಬರೆಸಿ ಕಳಿಸ್ಯಾರೆ. ಆದ್ರೆ ಎಲ್ಲಾ ಹಳೇ ‘ನುಡಿ’ ಸಾಫ್ಟ್‌ವೇರಿನ ಫೈಲು. ಡಿಟಿಪಿ ಸೆಂಟರಿನವರು ಎಷ್ಟೋ ಮಂದಿ ಈಗ್ಲೂ ಅದರಾಗೇ ಟೈಪ್ ಮಾಡ್ತಾರೆ. ಅದರ ಒಳಗಿರೋದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಕನ್ನಡದ ಫಾಂಟ್. ಆ ಫಾಂಟ್ ಇಲ್ಲದ ಫೋನಿನಾಗ ತೆಗೆದ್ರೆ ಒಂದಕ್ಷರನೂ ಓದೋಕಾಗಲ್ಲ, ಗೂಗಲ್ಲಿಗೂ ಅದು ಕನ್ನಡ ಅಂತ ಗೊತ್ತಾಗಲ್ಲ. ಎಲ್ಲಾ ಫೋನೂ ಓದೋ ಯೂನಿಕೋಡ್‌ನಾಗ ಕನ್ನಡಕ್ಕೆ 1991ರಿಂದ್ಲೇ ಜಾಗ ಐತೆ ನೋಡ್ರಿ!

ಕನ್ವರ್ಟರ್‌ಗೆ ಹಾಕಿದ್ರಾಯ್ತು ಅಂತೀರಿ. ಹಾಕ್ತೀವಿ. ಆದ್ರೆ ನಡುವೆ ಇರೋ ಜಿಎಸ್‌ಟಿ ನಂಬರು, ಇಮೇಲ್ ವಿಳಾಸ ಎಲ್ಲಾನೂ ಅದು ಕನ್ನಡ ಅಂತಲೇ ತಿಳ್ಕೊಂಡು ಅರ್ಥ ಇಲ್ಲದ ಅಕ್ಷರ ಮಾಡಿಬಿಡ್ತೈತೆ. ಸಾಲುಸಾಲು ಕೂತು ಓದಿ ತಿದ್ದಬೇಕು. ನಮ್ಮ ಹುಡುಗಿ ಒಬ್ಬಾಕಿ ಇದನ್ನ ಎಷ್ಟು ನಿಗಾ ಇಟ್ಟು ಮಾಡ್ತಾಳೆ ಅಂದ್ರೆ, ಆಕೆ ಕೈದಾಟಿ ಬಂದ ಪುಟ ನಾನು ಮತ್ತೆ ನೋಡೋದೇ ಬೇಡ.

ಕುರುಗೋಡಿನ ಒಂದು ಅಂಗಡಿಗೆ ದೊಡ್ಡ ಬಸವೇಶ್ವರನ ಹೆಸರು. ರೆಡಿಮೇಡ್ ಥೀಮ್ ಹಾಕಿದ್ರೆ ‘ಡ್ಡ’ದ ಒತ್ತು ಅರ್ಧಕ್ಕೇ ಕತ್ತರಿಸಿ ಹೋತು. ಥೀಮ್ ಮಾಡಿದವರು ಇಂಗ್ಲಿಷ್ ಅಳತೆಯಾಗ ಲೈನ್ ಹೈಟ್ 1.2 ಇಟ್ಟಿರ್ತಾರೆ. ನಮ್ಮ ಅಕ್ಷರ ಕೆಳಗೂ ಬೆಳೀತಾವೆ, 1.6 ಆದ್ರೂ ಬೇಕು. ದೇವರ ಹೆಸರಿನ ಒತ್ತು ಕತ್ತರಿಸಿದ ಬೋರ್ಡನ್ನ ಆ ಅಂಗಡಿಯವರು ಬಾಗಿಲಿಗೆ ತೂಗುಹಾಕ್ತಾರೇನು? ವೆಬ್‌ಸೈಟಿಗೂ ಅಷ್ಟೇ ಮರ್ಯಾದೆ ಇರಬೇಕು. ಇನ್ನೊಂದು, ಕುರುಗೋಡು ತಾಲೂಕಾಗಿ ವರ್ಷಗಳಾದ್ವು, 2021ರಾಗ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋತು, ಆದ್ರೂ ಹಳೇ ಫಾರಂ ತಂದು ಅಂಟಿಸಿದ್ರೆ ಕುರುಗೋಡಿನವರಿಗೆ ತಮ್ಮ ತಾಲೂಕೇ ಪಟ್ಟಿಯಾಗ ಸಿಗಲ್ಲ.

ನಮ್ಮ ಬಳ್ಳಾರಿ ಜೀನ್ಸಿನವರದು ಬೇರೆ ಕಥೆ. 2014ರ ನವೆಂಬರ್ 1ರಿಂದ ಊರಿನ ಇಂಗ್ಲಿಷ್ ಸ್ಪೆಲಿಂಗ್ ಬದಲಾತು, ಹೊರಗಿನ ಹೋಲ್‌ಸೇಲ್ ಮಂದಿ ಇನ್ನೂ ಹಳೇ ಸ್ಪೆಲಿಂಗೇ ಹೊಡೆದು ಹುಡುಕ್ತಾರೆ. ಪುಟದಾಗ ಎರಡೂ ಇಡ್ತೀವಿ. ಅದು ಸಣ್ಣ ಕೆಲಸ. ಸಂಕಟ ಬರೋದು ಡೊಮೈನ್‌ದಾಗ. ಒಬ್ಬ ಹೊಲಿಗೆ ಯೂನಿಟ್‌ನವರು ರಿನ್ಯೂವಲ್ ಮಾಡಿಸ್ರಿ ಅಂತ ಬಂದ್ರು. ನೋಡಿದ್ರೆ ಡೊಮೈನ್ ಇರೋದು ಮೊದಲು ಸೈಟ್ ಮಾಡಿಕೊಟ್ಟವನ ಹೆಸರಿಗೆ, ಓಟಿಪಿ ಹೋಗೋದು ಅವನ ಫೋನಿಗೆ, ಅವನು ಫೋನ್ ಎತ್ತಲ್ಲ. ವಿಸಿಟಿಂಗ್ ಕಾರ್ಡು, ಬಿಲ್ ಬುಕ್ಕು, ಪ್ಯಾಂಟಿನ ಟ್ಯಾಗು, ಎಲ್ಲದರ ಮೇಲೂ ಅದೇ ವಿಳಾಸ ಅಚ್ಚಾಗೇತೆ. ದುಡ್ಡು ಕೊಟ್ಟವರು ಅವರು, ಹಕ್ಕು ಇನ್ನೊಬ್ಬನದು. ನನಗಂತೂ ಭಾಳ ಸಿಟ್ಟು ಬಂತು.

ನಿಮ್ಮ ಅಳಿಯ ಅಂಗಡಿಗೆ ಸೈಟ್ ಮಾಡಿಸ್ತಾನೆ ಅಂದ್ರಲ್ಲ, ಡೊಮೈನ್ ತನ್ನ ಇಮೇಲ್‌ನಿಂದ್ಲೇ ತಗೊಳ್ಳಲಿ, ಯಾರ ಹತ್ರ ಮಾಡಿಸಿದ್ರೂ ಸರಿ. ಬರಹಕ್ಕೆ ಡಿಟಿಪಿಗೆ ಹೋಗೋದು ಬೇಡ. ಫೋನಿನಾಗ ಕನ್ನಡ ಕೀಬೋರ್ಡ್ ಹಾಕ್ಕೊಂಡು ವಾಟ್ಸಾಪ್‌ನಾಗ ಹೊಡೆದು ಕಳಿಸಿದ್ರೂ ಅದು ಯೂನಿಕೋಡೇ. ಫೋಟೋ ಮಾತ್ರ ಡಾಕ್ಯುಮೆಂಟ್ ಅಂತ ಕಳಿಸಲಿ, ಇಲ್ಲಾಂದ್ರೆ ಮಸುಕಾಗಿ ಬರ್ತಾವೆ.